ಯಾರ ಕಣ, ಯಾರ ಆಯ?

ಹೋದ ವರ್ಷದ ಏಪ್ರಿಲ್ ತಿಂಗಳು. ಬಾಬಾಸಾಹೇಬರ ಜಯಂತಿಯ ತಯಾರಿಗೆಂದು ನಾವು ಕೆಲವರು ಕೇರಿಯ ಸಮುದಾಯ ಭವನದ ಜಗಲಿಯ ಮೇಲೆ ಸೇರಿದ್ದೆವು. ಚಂದಾ ಎಷ್ಟಾಯಿತು, ಭಾಷಣಕ್ಕೆ ಯಾರನ್ನು ಕರೆಯೋದು, ಮೆರವಣಿಗೆ ಊರ ಬೀದಿಗೆ ಹೋದರೆ ತಂಟೆ ತೆಗೆಯುವವರು ಯಾರು, ಇಂಥವೇ ಮಾತು. ತಮಟೆ ಬಡಿಯುವ ಹುಡುಗನನ್ನು ಕರೆಸಿದೆವು. "14ನೇ ತಾರೀಕು ಬೆಳಿಗ್ಗೆ ಎಂಟಕ್ಕೇ ಬಂದ್ಬುಡಪ್ಪ" ಎಂದೆವು. ಅವನು ಸುಮ್ಮನೆ ಒಂದು ಗಳಿಗೆ ನಿಂತ. ಆಮೇಲೆ, "ಬತ್ತೀನಿ ಕಣಣ್ಣ, ಎಷ್ಟು ಕೊಡ್ತೀರಿ?" ಎಂದ.

ಜಗಲಿಯ ಮೇಲೆ ಮಾತು ನಿಂತಿತು. ನಮ್ಮಲ್ಲೇ ಹಿರಿಯರೊಬ್ಬರು ರೇಗಿದರು: "ಬಾಬಾಸಾಹೇಬರ ಹೆಸರಿಗೂ ಕಾಸು ಕೇಳ್ತೀಯೇನೋ? ರೀಲ್ಸು ಗೀಲ್ಸು ಅಂತ ಮಾಡಿ ಕೆಟ್ಟುಹೋದೆ ನೀನು."

ಹುಡುಗ ಜೇಬಿನಿಂದ ಫೋನು ತೆಗೆದು ನಮ್ಮ ಮುಂದೆ ಹಿಡಿದ. ಅದರಲ್ಲಿ ಅವನೇ, ಅವನದೇ ತಮಟೆ, ಅವನದೇ ಹೆಜ್ಜೆ. ಕೆಳಗೆ ಲಕ್ಷಗಳ ಲೆಕ್ಕ. "ಇದನ್ನ ಯಾರೋ ಗುರುತಿಲ್ಲದೋರು ನೋಡ್ತಾರೆ. ಯಾವ ದೇಶದ ಕಂಪ್ನಿಯೋ ಒಂದಿಷ್ಟು ಕಾಸು ಹಾಕ್ತದೆ. ಅವ್ವನ ಮಾತ್ರೆಗೆ ಆಯ್ತದೆ. ನೀವು ಏಳೆಂಟು ವರ್ಷದಿಂದ ನನ್ನ ಕೈಲಿ ಬಡಿಸ್ಕೊಂಡ್ರಿ. ಒಂದಿನ, ಒಂದೇ ಒಂದಿನ, ಬಸ್ ಚಾರ್ಜು ಕೊಟ್ಟಿದ್ದೀರಾ ಅಣ್ಣ?"

ಯಾರೂ ಉತ್ತರ ಹೇಳಲಿಲ್ಲ. ಹೇಳಲು ಉತ್ತರವಿರಲಿಲ್ಲ. ಆ ದಿನದಿಂದ ಈ ವಿಷಯವನ್ನು ನಾವು ನಮ್ಮ ನಮ್ಮಲ್ಲೇ ಜಗಳವಾಡಿಕೊಂಡು ಯೋಚಿಸುತ್ತಿದ್ದೇವೆ. ಅರ್ಧ ನಿಮಿಷದ, ಒಂದು ನಿಮಿಷದ ತುಣುಕು ವಿಡಿಯೋ ಮಾಡಿ ನಮ್ಮ ಮಕ್ಕಳು ಕಾಸು ಗಳಿಸುವುದು ತಪ್ಪೇ, ಸರಿಯೇ? ಕುಣಿತವನ್ನು ಮಾರಬಹುದು ಎಂದಾದರೆ ನಗುವನ್ನು ಮಾರಬಹುದೇ? ನೋವನ್ನು? ಹಸಿವನ್ನು? ಅವಮಾನವನ್ನು? ಎಲ್ಲಿ ನಿಲ್ಲಬೇಕು, ನಿಲ್ಲು ಎಂದು ಹೇಳುವ ಹಕ್ಕು ಯಾರಿಗಿದೆ?

ಮೊದಲು ಒಂದು ಕಸ ಗುಡಿಸಿಬಿಡೋಣ. ಕಲೆಯನ್ನು ಕಾಸಿಗೆ ಮಾರಬಾರದು, ಕಲೆ ಪವಿತ್ರ, ಅದು ಆರಾಧನೆ ಎಂಬ ಮಾತನ್ನು ನಾವು ತಲೆತಲಾಂತರದಿಂದ ಕೇಳಿದ್ದೇವೆ. ಆ ಮಾತು ಹೊಟ್ಟೆ ತುಂಬಿದವರ ಬಾಯಿಂದ ಬಂದದ್ದು. ಸಂಗೀತ ಸಭೆಗಳಲ್ಲಿ ಕೂತು ಹಾಡುವವರಿಗೆ ಸಂಭಾವನೆ ಇತ್ತು, ಶಾಲು ಇತ್ತು, ಹಿಂದೆ ಅರಮನೆಯ ಜಹಗೀರು ಇತ್ತು. ಸಂಭಾವನೆ ಎಂಬ ಪದವನ್ನೇ ನೋಡಿ, ಅದರಲ್ಲಿ ಮರ್ಯಾದೆಯ ವಾಸನೆ ಇದೆ. ನಮ್ಮವನು ತಮಟೆ ಬಡಿದರೆ ಅದು ಕಲೆಯೂ ಆಗಲಿಲ್ಲ, ಕೂಲಿಯೂ ಆಗಲಿಲ್ಲ. ಅದು 'ಚಾಕರಿ'. ಊರಲ್ಲಿ ಯಾರಾದರೂ ಸತ್ತರೆ ಬಡಿ, ಮಾರಿ ಹಬ್ಬ ಬಂದರೆ ಬಡಿ, ಗೌಡರ ಮನೆಯ ಎತ್ತು ಕಳೆದರೆ ಬೀದಿ ಬೀದಿ ಸಾರು. ಪ್ರತಿಫಲ ಏನು? ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ ಸಿಗುವ ಆಯ.

ಈ ಆಯವನ್ನು ಇಂದಿನ ಹುಡುಗರು ಕಂಡಿಲ್ಲ. ಹಳೇ ಮೈಸೂರು ಸೀಮೆಯಲ್ಲಿ ರಾಗಿ ಬಡಿದು, ತೂರಿ, ರಾಶಿ ಮಾಡಿ, ರಾಶಿಗೆ ಪೂಜೆಯಾದ ಮೇಲೆ ಬಡಗಿ, ಕಮ್ಮಾರ, ಅಗಸ, ಕ್ಷೌರಿಕ, ತೋಟಿ, ತಳವಾರ ಎಲ್ಲರೂ ಬಂದು ನಿಲ್ಲುತ್ತಿದ್ದರು. ರಾಶಿಯ ಒಡೆಯ ತನಗೆ ತೋಚಿದಷ್ಟು ಮೊರಕ್ಕೆ ಸುರಿಯುತ್ತಿದ್ದ. ನಮ್ಮವರು ಕಡೆಯ ಸಾಲು. ಒಳ್ಳೆಯ ಕಾಳು ಹೋದ ಮೇಲೆ ಉಳಿದ ಮಣ್ಣು ಬೆರೆತ ಕಾಳು ನಮ್ಮ ಪಾಲಿಗೆ. ವರ್ಷವೆಲ್ಲ ಮಾಡಿದ ಕೆಲಸ ಎಷ್ಟು, ಅದಕ್ಕೆ ಇಷ್ಟು ಎಂಬ ಲೆಕ್ಕ ಇರಲೇ ಇಲ್ಲ. ಕೇಳಿದರೆ ಮುಂದಿನ ವರ್ಷ ಅದೂ ಇಲ್ಲ.

ಮಹಾರಾಷ್ಟ್ರದ ಮಹಾರರಿಗೆ ಇದ್ದದ್ದು 'ವತನು'. ತುಂಡು ಜಮೀನು, ಊರವರು ಕೊಡುವ ಕಾಳು, ಪ್ರತಿಯಾಗಿ ಹಗಲು ರಾತ್ರಿ ಎನ್ನದೆ ಸರ್ಕಾರಕ್ಕೂ ಊರಿಗೂ ದುಡಿಮೆ. ಒಬ್ಬ ಬರದಿದ್ದರೆ ಅವನ ಮನೆಯವರು ಯಾರಾದರೂ ಬರಬೇಕು. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನ ಸಭೆಯಲ್ಲಿ ಇದರ ವಿರುದ್ಧ ಮಸೂದೆ ತಂದರು. ನಮ್ಮ ಜನರಲ್ಲೇ ಕೆಲವರು 'ಇರೋ ತುಂಡು ಭೂಮಿನೂ ಹೋಗ್ತದೆ' ಎಂದು ಹೆದರಿದರು. ಆದರೂ ಅವರು ಬಿಡಲಿಲ್ಲ. ಕೊಡುವುದಕ್ಕೆ ಮಿತಿ ಇದ್ದು, ಮಾಡುವುದಕ್ಕೆ ಮಿತಿ ಇಲ್ಲದ ಕೆಲಸ ಗುಲಾಮಗಿರಿ ಎಂಬುದು ಅವರಿಗೆ ಗೊತ್ತಿತ್ತು. ನಮ್ಮಲ್ಲಿ ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯದ ಗ್ರಾಮ ಚಾಕರಿಗಳನ್ನು ರದ್ದು ಮಾಡುವ ಕಾನೂನು 1961ರಲ್ಲಿ ಆಯಿತು, 1963ರಲ್ಲಿ ಜಾರಿಗೆ ಬಂತು. ಕಾಗದದಲ್ಲಿ ಹೋದದ್ದು ಊರಲ್ಲಿ ಹೋಗಲು ಇನ್ನೆಷ್ಟು ವರ್ಷ ಬೇಕಾಯಿತು ಎಂಬುದು ನಮ್ಮ ಅಪ್ಪಂದಿರಿಗೆ ಗೊತ್ತು. ಎಷ್ಟೋ ಊರುಗಳಲ್ಲಿ ತಮಟೆ ಬಡಿಯುವುದಿಲ್ಲ ಎಂದದ್ದಕ್ಕೆ ಬಹಿಷ್ಕಾರ ಬಿದ್ದಿದೆ, ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಡದೆ ಕಳಿಸಿದ್ದಾರೆ.

ಇಂಥ ಚರಿತ್ರೆ ಇರುವ ಮನೆಯ ಮಗ ತನ್ನ ಬಡಿತಕ್ಕೆ ಬೆಲೆ ಕೇಳಿದರೆ ಅದು ದುರಾಸೆಯಲ್ಲ. 'ಎಷ್ಟು ಕೊಡ್ತೀರಿ' ಎಂಬ ಆ ಎರಡು ಮಾತನ್ನು ಕೇಳುವ ಧೈರ್ಯ ಅವನ ತಾತನಿಗೆ ಇರಲಿಲ್ಲ. ಇದನ್ನು ಒಪ್ಪಿಕೊಂಡೇ ನಾವು ಮುಂದೆ ಹೋಗಬೇಕು.

ಹಾಗಾದರೆ ಎಲ್ಲ ಸರಿಹೋಯಿತೇ? ಗೌಡನ ಕಣದಿಂದ ಹುಡುಗ ಬಿಡುಗಡೆಯಾದನೇ? ಇಲ್ಲಿ ಸ್ವಲ್ಪ ನಿಂತು ಈ ಹೊಸ ಕಣದ ಲೆಕ್ಕ ನೋಡಬೇಕು. ನಮ್ಮ ಹುಡುಗರು ಲೆಕ್ಕ ಕೇಳದೆ ಕುಣಿಯುತ್ತಿದ್ದಾರೆ.

ಯೂಟ್ಯೂಬಿನ 'ಶಾರ್ಟ್ಸ್' ತಗೊಳ್ಳಿ. ಜಾಹೀರಾತಿನ ಪಾಲು ಸಿಗಬೇಕಾದರೆ ಶಾರ್ಟ್ಸ್ ಮಾಡುವವನಿಗೆ 1,000 ಚಂದಾದಾರರು ಇರಬೇಕು, 90 ದಿನದೊಳಗೆ ಆ ತುಣುಕುಗಳನ್ನು 1 ಕೋಟಿ ಸಲ ಜನ ನೋಡಿರಬೇಕು. 1 ಕೋಟಿ! ಅದನ್ನು ದಾಟುವ ತನಕ ನೀವು ಮಾಡಿದ್ದೆಲ್ಲ ಬಿಟ್ಟಿ. ದಾಟಿದ ಮೇಲೆ, 2023ರ ಫೆಬ್ರವರಿಯಿಂದ ಇರುವ ನಿಯಮದಂತೆ, ತುಣುಕುಗಳ ನಡುವೆ ಬರುವ ಜಾಹೀರಾತಿನ ಹಣವನ್ನೆಲ್ಲ ಒಟ್ಟು ರಾಶಿ ಹಾಕುತ್ತಾರೆ. ಒಂದು ಸಿನಿಮಾ ಹಾಡು ಹಾಕಿದ ತುಣುಕಾದರೆ ಅದರ ಗಳಿಕೆಯ ಅರ್ಧ ಭಾಗ ಮೊದಲೇ ಹಾಡಿನ ಹಕ್ಕಿನ ಲೆಕ್ಕಕ್ಕೆ ಹೋಗುತ್ತದೆ. ಎರಡು ಹಾಡಾದರೆ ಮೂರರಲ್ಲಿ ಎರಡು ಪಾಲು ಹೋಗುತ್ತದೆ. ಉಳಿದದ್ದು ಮಾಡಿದವರ ರಾಶಿಗೆ. ಆ ರಾಶಿಯನ್ನು ಯಾರನ್ನು ಎಷ್ಟು ಸಲ ನೋಡಿದರು ಎಂಬ ಲೆಕ್ಕದಲ್ಲಿ ಅಳೆದು, ಅಳೆದದ್ದರಲ್ಲಿ ನೂರಕ್ಕೆ 45 ಕುಣಿದವನಿಗೆ, 55 ಕಂಪನಿಗೆ. ಅದೂ ಖಾತೆಯಲ್ಲಿ 100 ಡಾಲರ್ ಸೇರುವ ತನಕ ಕೈಗೆ ಬರುವುದಿಲ್ಲ.

ಈ ಹಾಡಿನ ಪಾಲನ್ನು ಸ್ವಲ್ಪ ಯೋಚಿಸಿ. ಕನ್ನಡ ಸಿನಿಮಾದ ಎಷ್ಟು ಹಾಡುಗಳಲ್ಲಿ ನಮ್ಮ ತಮಟೆಯ ಬಡಿತ ಇಲ್ಲ? ಕೇರಿಯಿಂದ ಎತ್ತಿಕೊಂಡು ಹೋದ ಗತ್ತು, ಕೇರಿಯಿಂದ ಹೋದ ಹೆಜ್ಜೆ. ಅದನ್ನು ಸ್ಟುಡಿಯೋದಲ್ಲಿ ಬಡಿಸಿ, ಆಡಿಯೋ ಕಂಪನಿ ತನ್ನ ಹೆಸರಿಗೆ ಹಕ್ಕು ಬರೆಸಿಕೊಂಡಿತು. ಈಗ ಕೇರಿಯ ಹುಡುಗ ಅದೇ ಬಡಿತಕ್ಕೆ ಕುಣಿದರೆ ಅರ್ಧ ಹಣ ಆ ಹಕ್ಕಿಗೆ! ತಮಟೆಗೆ ಹಕ್ಕುದಾರರಿಲ್ಲ, ಏಕೆಂದರೆ ಅದು ಯಾರೋ ಒಬ್ಬನ ಸೃಷ್ಟಿಯಲ್ಲ, ಒಂದು ಸಮುದಾಯದ್ದು. ಸಮುದಾಯದ್ದು ಎಂದರೆ ಕಾನೂನಿನ ಕಣ್ಣಲ್ಲಿ ಯಾರದ್ದೂ ಅಲ್ಲ. ತಮಟೆ ಕಲಾವಿದರಾದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ನಾವೆಲ್ಲ ಸಂತೋಷಪಟ್ಟೆವು. ತಮಟೆಗೆ ಪ್ರಶಸ್ತಿ ಬಂತು. ಪಾಲು ಇನ್ನೂ ಬಂದಿಲ್ಲ.

ಇನ್ನೊಂದು ಲೆಕ್ಕ. 2025ರ ಮೇ ತಿಂಗಳಲ್ಲಿ ಯೂಟ್ಯೂಬಿನ ಮುಖ್ಯಸ್ಥರು ಮುಂಬೈಗೆ ಬಂದು, ಹಿಂದಿನ ಮೂರು ವರ್ಷಗಳಲ್ಲಿ ಭಾರತದ ವಿಡಿಯೋ ಮಾಡುವವರು, ಕಲಾವಿದರು, ಮಾಧ್ಯಮ ಕಂಪನಿಗಳು ಎಲ್ಲರಿಗೂ ಸೇರಿ 21,000 ಕೋಟಿ ರೂಪಾಯಿ ಕೊಟ್ಟಿದ್ದೇವೆ ಎಂದರು. ಪತ್ರಿಕೆಗಳೆಲ್ಲ ಬಾಯಿಬಿಟ್ಟು ಬರೆದವು. ಅವರೇ ಹೇಳಿದ ಇನ್ನೊಂದು ಸಂಖ್ಯೆ: ಒಂದು ವರ್ಷದಲ್ಲಿ ಭಾರತದಿಂದ ವಿಡಿಯೋ ಹಾಕಿದ ಚಾನೆಲ್‌ಗಳು 10 ಕೋಟಿಗೂ ಹೆಚ್ಚು. ನಮ್ಮ ಶಾಲೆಯ ಭಾಗಾಕಾರ ಮಾಡಿ ನೋಡೋಣ. 21,000 ಕೋಟಿಯನ್ನು 10 ಕೋಟಿಗೆ ಸಮ ಹಂಚಿದರೆ ತಲಾ 2,100 ರೂಪಾಯಿ. ಮೂರು ವರ್ಷಕ್ಕೆ! ತಿಂಗಳಿಗೆ 58 ರೂಪಾಯಿ ಚಿಲ್ಲರೆ. ಸಮ ಹಂಚಿದರೆ ಇಷ್ಟು. ಸಮ ಹಂಚುವ ಕಣ ಯಾವುದಿದೆ? ಅದರಲ್ಲಿ ದೊಡ್ಡ ಸಿನಿಮಾ ಕಂಪನಿಗಳೂ ಟೀವಿ ಚಾನೆಲ್‌ಗಳೂ ಮೊದಲು ಮೊರ ಹಿಡಿದಿರುತ್ತವೆ. 10 ಲಕ್ಷಕ್ಕೂ ಮೇಲೆ ಚಂದಾದಾರರಿರುವ ಚಾನೆಲ್‌ಗಳು 15,000ಕ್ಕೂ ಹೆಚ್ಚು ಎಂದು ಅವರು ಹೆಮ್ಮೆಪಟ್ಟರು. ಹತ್ತು ಸಾವಿರಕ್ಕೆ ಒಂದೂವರೆ. ಮಿಕ್ಕವರು ಕಣದ ಅಂಚಿನಲ್ಲಿ ನಿಂತವರು.

ಕಣ ಯಾರದು ಎಂಬುದು 2020ರಲ್ಲಿ ಒಂದೇ ರಾತ್ರಿಗೆ ಗೊತ್ತಾಯಿತು. ಜೂನ್ 29ರಂದು ಕೇಂದ್ರ ಸರ್ಕಾರ ಚೀನಾದ 59 ಆಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ಟಿಕ್‌ಟಾಕ್ ಒಂದು. ಗಾರೆ ಕೆಲಸದವರು, ಹೊಲದಲ್ಲಿ ಕಳೆ ಕೀಳುವ ಹೆಂಗಸರು, ಕುರಿ ಕಾಯುವ ಹುಡುಗರು ಮೊಟ್ಟಮೊದಲು ಮುಖ ತೋರಿಸಿದ ಜಾಗ ಅದು. ಗಡಿಯ ಜಗಳ ದೊಡ್ಡವರದ್ದು. ಅವರ ಎರಡು ಮೂರು ವರ್ಷದ ದುಡಿಮೆ, ಕಟ್ಟಿಕೊಂಡ ನೋಡುಗರು, ಎಲ್ಲ ಬೆಳಗಾಗುವುದರೊಳಗೆ ಮಣ್ಣಾಯಿತು. ಪರಿಹಾರ ಕೊಡಿ ಎಂದು ಯಾರೂ ಕೇಳಲಿಲ್ಲ, ಅವರನ್ನು ದುಡಿಮೆಗಾರರೆಂದು ಯಾರೂ ಎಣಿಸಿರಲೇ ಇಲ್ಲ. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಮಿನ ರೀಲ್ಸ್ ಬಂತು, ಬೆಂಗಳೂರಿನ ಮೋಜ್ ಬಂತು, ಸೆಪ್ಟೆಂಬರಿನಲ್ಲಿ ಶಾರ್ಟ್ಸ್ ಬಂತು. ಒಬ್ಬ ಗೌಡನ ಕಣದಿಂದ ಇನ್ನೊಬ್ಬ ಗೌಡನ ಕಣಕ್ಕೆ. ಹಳೆಯ ಗೌಡನ ಮುಖವಾದರೂ ಕಾಣುತ್ತಿತ್ತು. ಅವನ ಮನೆ ಮುಂದೆ ಕೂಗಬಹುದಿತ್ತು. ಈ ಗೌಡನ ಹೆಸರು ಆಲ್ಗಾರಿದಂ. ಅವನಿಗೆ ಮುಖವಿಲ್ಲ, ಮನೆಯಿಲ್ಲ. ಇವತ್ತು ಲಕ್ಷ ಜನಕ್ಕೆ ತೋರಿಸುತ್ತಾನೆ, ನಾಳೆ ನಲವತ್ತು ಜನಕ್ಕೆ. ಯಾಕೆ ಎಂದು ಕೇಳಲು ಕಟ್ಟೆಯಿಲ್ಲ. ನಮ್ಮ ಹುಡುಗ ಹೇಳಿದ್ದು: "ಎರಡು ದಿನ ಹಾಕ್ಲಿಲ್ಲ ಅಂದ್ರೆ ಬಿದ್ದೋಯ್ತದಣ್ಣ. ಜ್ವರ ಬಂದ್ರೂ ಹಾಕ್ಬೇಕು." ಇದು ವತನಿನ ಮಾತಲ್ಲವೇ? ಕೊಡುವುದಕ್ಕೆ ಮಿತಿ, ಮಾಡುವುದಕ್ಕೆ ಮಿತಿ ಇಲ್ಲ.

ಆದ್ದರಿಂದ ನಮ್ಮ ಮೊದಲ ಮಾತು ಇದು: ಗಳಿಸುವುದು ತಪ್ಪಲ್ಲ, ಆದರೆ ಈ ಗಳಿಕೆಯನ್ನು ಬಿಡುಗಡೆ ಎಂದು ಭ್ರಮಿಸುವುದು ತಪ್ಪು. ಇದು ದುಡಿಮೆ, ಅದಕ್ಕೊಬ್ಬ ಒಡೆಯನಿದ್ದಾನೆ. ಒಡೆಯನಿದ್ದಲ್ಲಿ ಶೋಷಣೆಯೂ ಇದೆ, ಹಾಗಾಗಿ ಸಂಘಟನೆಯೂ ಬೇಕು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಒಂದು ಕಾಯಿದೆ ಮಾಡಿತು. ಕಾರಣ ಬರೆದುಕೊಡದೆ, 14 ದಿನ ಮೊದಲು ನೋಟೀಸು ಕೊಡದೆ ಕೆಲಸಗಾರನನ್ನು ತೆಗೆಯುವ ಹಾಗಿಲ್ಲ ಎಂದು ಅದರಲ್ಲಿದೆ. ಅದರ ಅನುಸೂಚಿಯಲ್ಲಿ ಬಾಡಿಗೆ ಕಾರು, ಊಟದ ಡೆಲಿವರಿಗಳ ಜೊತೆಗೆ ಕಂಟೆಂಟ್ ಮತ್ತು ಮೀಡಿಯಾ ಸೇವೆಗಳ ಹೆಸರೂ ಇದೆ. ಆ ಒಂದು ಸಾಲನ್ನು ಹಿಡಿದು, ಕುಣಿಯುವವನೂ ಕಾರ್ಮಿಕನೇ ಎಂದು ಒಪ್ಪಿಸುವ ಕೆಲಸ ನಮ್ಮ ಮುಂದಿದೆ.

ಇನ್ನು ಕಷ್ಟದ ಪ್ರಶ್ನೆಗೆ ಬರೋಣ. ಲೆಕ್ಕ ಸರಿಹೋಯಿತು ಎಂದೇ ಇಟ್ಟುಕೊಳ್ಳಿ. ಪಾಲು ನ್ಯಾಯವಾಗಿ ಬಂತು ಎಂದೇ ಇಟ್ಟುಕೊಳ್ಳಿ. ಆಗಲೂ ಏನನ್ನು ಮಾರುತ್ತಿದ್ದೇವೆ ಎಂಬ ಪ್ರಶ್ನೆ ಉಳಿಯುತ್ತದೆ.

ಫೋನಿನಲ್ಲಿ ಏನು ಓಡುತ್ತದೆ ನೋಡಿ. ಬಡವನಿಗೆ ಐನೂರರ ನೋಟು ಕೊಟ್ಟು ಅವನ ಅಳುವನ್ನು ಹತ್ತಿರದಿಂದ ಹಿಡಿದ ತುಣುಕು ಓಡುತ್ತದೆ. ಕಪ್ಪು ಮೈಯ ಹುಡುಗ ಕೆಸರಲ್ಲಿ ಜಾರಿ ಬಿದ್ದರೆ ಓಡುತ್ತದೆ. ಬುದ್ಧಿ ಸ್ವಲ್ಪ ಕಡಿಮೆಯಿರುವ ಮುದುಕನನ್ನು ಬೀದಿಯಲ್ಲಿ ನಿಲ್ಲಿಸಿ ರೇಗಿಸಿ ಬೈಯಿಸಿಕೊಂಡರೆ ಓಡುತ್ತದೆ. ಮ್ಯಾನ್‌ಹೋಲಿನಿಂದ ಮೇಲೆ ಬರುತ್ತಿರುವ ಪೌರಕಾರ್ಮಿಕನ ಮುಖ, ಹಿಂದೆ ಕರುಣಾಜನಕ ಸಂಗೀತ, ಅದೂ ಓಡುತ್ತದೆ. ಮ್ಯಾನ್‌ಹೋಲಿಗೆ ಮನುಷ್ಯರನ್ನು ಹೀಗೆ ಇಳಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧ. ಚಿತ್ರ ಹಿಡಿದವನು ಗುತ್ತಿಗೆದಾರನ ಹೆಸರು ಹಾಕಿದನೇ? ಪೊಲೀಸು ಠಾಣೆಗೆ ಹೋದನೇ? ಇಲ್ಲ. ಹೃದಯದ ಗುರುತು ಒತ್ತಿಸಿಕೊಂಡ, ಕಾಸು ಎಣಿಸಿಕೊಂಡ. ಗುಂಡಿಗೆ ಇಳಿದವನಿಗೆ ತನ್ನ ಮುಖ ಎಲ್ಲೆಲ್ಲಿಗೆ ಹೋಯಿತು ಎಂಬುದೂ ಗೊತ್ತಿಲ್ಲ.

ನೋಡಿ ನಗುವುದು, ನೋಡಿ ಮರುಗುವುದು, ಎರಡಕ್ಕೂ ಈ ನೆಲದಲ್ಲಿ ಹಳೆಯ ಬೇರಿದೆ. ಕರಾವಳಿಯಲ್ಲಿ ಕೊರಗರಿಗೆ ಮಾಡುತ್ತಿದ್ದ 'ಅಜಲು' ಏನಾಗಿತ್ತು? ಕಂಬಳಕ್ಕೆ ಮೊದಲು ಅವರನ್ನು ಎಮ್ಮೆಗಳ ಹಾಗೆ ಓಡಿಸುವುದು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು. ಸುತ್ತ ನಿಂತು ನೋಡುವುದು. ಅವರಿಗೂ ಏನೋ ಒಂದಿಷ್ಟು ಕೊಡುತ್ತಿದ್ದರು. ಕೊಟ್ಟಿದ್ದರಿಂದ ಅದು ನ್ಯಾಯವಾಯಿತೇ? ಆಗಲಿಲ್ಲ, ಅದಕ್ಕೇ 2000ದಲ್ಲಿ ಅದನ್ನು ನಿಷೇಧಿಸಲು ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಒಬ್ಬ ಮನುಷ್ಯನ ಮಾನ ಕಳೆದು, ಮೇಲೆ ಕಾಸು ಎಸೆದರೆ ಲೆಕ್ಕ ಚುಕ್ತಾ ಆಗುವುದಿಲ್ಲ. ಫೋನಿನೊಳಗಿನ ಕಾಸಿಗೂ ಇದೇ ಮಾತು.

'ಅವನೇ ಒಪ್ಪಿ ಮಾಡಿದ್ದಾನಲ್ಲ, ನಿಮಗೇನು ಸಂಕಟ?' ಎಂದು ಕೇಳುವವರಿದ್ದಾರೆ. ಈ ಮಾತಿಗೆ ಬೆಲೆ ಇದೆ, ತಳ್ಳಿಹಾಕುವಂತಿಲ್ಲ. ನಮ್ಮವರು ಏನು ಮಾಡಬೇಕು ಎಂದು ಸದಾ ಇನ್ನೊಬ್ಬರು ಹೇಳುತ್ತ ಬಂದಿದ್ದಾರೆ, ಆ ಕೆಲಸವನ್ನು ನಾವೂ ಮಾಡುವುದು ಬೇಡ. ಆದರೆ ಒಪ್ಪಿಗೆ ಎಂದರೇನು? ಜೀತಕ್ಕೆ ನಿಂತವನೂ ಹೆಬ್ಬೆಟ್ಟು ಒತ್ತಿಯೇ ನಿಂತಿದ್ದ. 1976ರ ಜೀತ ವಿಮುಕ್ತಿ ಕಾಯಿದೆ ಆ ಹೆಬ್ಬೆಟ್ಟನ್ನು ಒಪ್ಪಿಗೆ ಎಂದು ಪರಿಗಣಿಸಲಿಲ್ಲ. ಬೇಡ ಎನ್ನುವ ಶಕ್ತಿ ಇದ್ದಾಗ ಮಾತ್ರ ಹೂಂ ಎಂಬುದಕ್ಕೆ ಅರ್ಥ. ನಮ್ಮ ಹುಡುಗ 'ಈ ತುಣುಕು ಬೇಡ, ಇದು ನನ್ನ ಅವ್ವನ ಮರ್ಯಾದೆಗೆ ಸಲ್ಲದು' ಎಂದು ಕೈಬಿಟ್ಟರೆ ಅವನ ಮನೆಯ ಒಲೆ ಉರಿಯುತ್ತದೆಯೇ? ಉರಿಯುತ್ತದೆ ಎಂದಾದರೆ ಅವನು ಕಲಾವಿದ, ಕಾರ್ಮಿಕ, ಸ್ವತಂತ್ರ. ಉರಿಯುವುದಿಲ್ಲ ಎಂದಾದರೆ ಅವನನ್ನು ಬೈಯುವುದಕ್ಕೆ ಮೊದಲು ಒಲೆಯ ಬಗ್ಗೆ ಯೋಚಿಸಬೇಕು.

ಈ ಪ್ರಶ್ನೆ ಬರೀ ಮಾತಾಗಿ ಉಳಿಯಲಿಲ್ಲ. ಬೆಟ್ಟಿಂಗ್ ಆಪಿನವರು ಹುಡುಗನನ್ನು ಹುಡುಕಿಕೊಂಡು ಬಂದಿದ್ದರು. ತಮಟೆ ಬಡಿದು ಕುಣಿಯುತ್ತ, ಕೊನೆಗೆ ಆಪಿನ ಹೆಸರು ಹೇಳಿದರೆ ಸಾಕು. ಅವನು ಆರು ತಿಂಗಳಲ್ಲಿ ಕಾಣದ ಹಣ ಒಂದೇ ಸಲಕ್ಕೆ. ಅವನಿಗೆ ಗೊತ್ತಿತ್ತು, ಪಕ್ಕದ ಬೀದಿಯ ಗೆಳೆಯ ಅಂಥದೇ ಆಪಿನಲ್ಲಿ ಬೈಕು ಕಳೆದುಕೊಂಡು, ಅಕ್ಕನ ಓಲೆ ಅಡವಿಟ್ಟಿದ್ದ. ಮೂರು ದಿನ ಯೋಚಿಸಿ ಬೇಡ ಎಂದನಂತೆ. "ನನ್ನ ವಿಡಿಯೋ ನೋಡೋರು ನಮ್ಮ ಕೇರಿ ಹುಡುಗ್ರೇ ಅಲ್ವಾ ಅಣ್ಣ? ಅವರ ಮನೆಗೆ ನಾನೇ ಕೊಳ್ಳಿ ಇಡ್ಲಾ?" 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯಿದೆ ಬಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಅದಕ್ಕೆ ಮುಂಚೆಯೇ ಇವನು ತನ್ನೊಳಗೆ ಒಂದು ಕಾಯಿದೆ ಮಾಡಿಕೊಂಡಿದ್ದ. ದೊಡ್ಡ ದೊಡ್ಡ ನಟರು, ಆಟಗಾರರು ಅಂಥ ಜಾಹೀರಾತುಗಳಲ್ಲಿ ನಗುತ್ತ ನಿಂತಿದ್ದ ಕಾಲ ಅದು. ಆಯ್ದಕ್ಕಿ ಲಕ್ಕಮ್ಮನ ಕತೆ ನಮಗೆ ನೆನಪಾಯಿತು. ಗಂಡ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದವಳು ಅವಳು. ಬಡತನಕ್ಕೆ ನೀತಿಯಿಲ್ಲ ಎನ್ನುವವರು ಈ ಇಬ್ಬರನ್ನು ನೋಡಬೇಕು.

ನಮ್ಮ ಗೆಳೆಯರಲ್ಲಿ ಕೆಲವರು ಇದನ್ನೆಲ್ಲ ಬಹಿಷ್ಕರಿಸಬೇಕು, ಇದು ಬಂಡವಾಳಶಾಹಿಯ ಬಲೆ ಎನ್ನುತ್ತಾರೆ. ಬಲೆ ಹೌದು. ಆದರೆ ಮರೆಯಬಾರದ ಸಂಗತಿಗಳಿವೆ. 1920ರಲ್ಲಿ ಬಾಬಾಸಾಹೇಬರು 'ಮೂಕನಾಯಕ' ಶುರು ಮಾಡಿದಾಗ ಕಾಸು ಕೊಡುತ್ತೇವೆಂದರೂ ತಿಲಕರ 'ಕೇಸರಿ' ಅದರ ಜಾಹೀರಾತು ಹಾಕಲಿಲ್ಲ. ನಮ್ಮ ಮಾತು ಎಂದೂ ಬಾಗಿಲ ಕಾಯುವವನನ್ನು ದಾಟಿ ಒಳಗೆ ಹೋಗಿದ್ದಿಲ್ಲ. ಇವತ್ತು ಆ ಬಾಗಿಲಲ್ಲಿ ಜಾತಿ ಕೇಳುವವನಿಲ್ಲ. 2002ರಲ್ಲಿ ಉತ್ತರಪ್ರದೇಶದ ಚಿತ್ರಕೂಟದಲ್ಲಿ ಹಳ್ಳಿಯ ಹೆಂಗಸರು, ಹೆಚ್ಚಿನಂಶ ದಲಿತ ಹೆಂಗಸರು, 'ಖಬರ್ ಲಹರಿಯಾ' ಎಂಬ ಪತ್ರಿಕೆ ಶುರುಮಾಡಿದರು. ಈಗ ಅವರು ಫೋನು ಹಿಡಿದು ಕಲ್ಲುಗಣಿ, ಅತ್ಯಾಚಾರ, ಕಕ್ಕಸಿಲ್ಲದ ಮನೆಗಳ ಸುದ್ದಿ ಹಿಡಿಯುತ್ತಾರೆ. ಫೋನು ಅದೇ. ಹಿಡಿದ ಕೈ ಬೇರೆ.

2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ನಮ್ಮ ಹುಡುಗರನ್ನು ಕಾರಿಗೆ ಕಟ್ಟಿ ಹೊಡೆದರು. ಆ ವಿಡಿಯೋ ಹಿಡಿದು ಹಂಚಿದ್ದು ಹೊಡೆದವರ ಕಡೆಯವರೇ, ನೋಡಿ ಹೆದರಲಿ ಎಂದು. ಜನ ನೋಡಿದರು. ಹೆದರಲಿಲ್ಲ, ಎದ್ದರು. ಸತ್ತ ಹಸುಗಳನ್ನು ಸರ್ಕಾರಿ ಕಚೇರಿಯ ಮುಂದೆ ತಂದು ಸುರಿದರು. ಅವಮಾನಕ್ಕೆಂದು ಮಾಡಿದ ಚಿತ್ರ ಸಾಕ್ಷಿಯಾಯಿತು. 2017ರಲ್ಲಿ ಅದೇ ರಾಜ್ಯದಲ್ಲಿ ಮೀಸೆ ಬಿಟ್ಟದ್ದಕ್ಕೆ ದಲಿತ ಯುವಕರನ್ನು ಹೊಡೆದಾಗ, ನೂರಾರು ಹುಡುಗರು ತಮ್ಮ ವಾಟ್ಸಾಪಿನ ಚಿತ್ರ ಬದಲಿಸಿ ಮೀಸೆಯ ಗುರುತು ಹಾಕಿಕೊಂಡರು. ಮುಖ ತೋರಿಸುವುದೇ ನಮ್ಮ ಜನಕ್ಕೆ ಒಂದು ಬಂಡಾಯ. 2015ರಲ್ಲಿ ಶಿರಡಿಯಲ್ಲಿ ಫೋನಿನಲ್ಲಿ ಬಾಬಾಸಾಹೇಬರ ಹಾಡಿನ ರಿಂಗ್‌ಟೋನ್ ಇತ್ತೆಂಬ ಕಾರಣಕ್ಕೆ ಒಬ್ಬ ದಲಿತ ಯುವಕನನ್ನು ಕೊಂದರು. ಒಂದು ರಿಂಗ್‌ಟೋನಿಗೆ ಜೀವ ಹೋಗುವ ದೇಶದಲ್ಲಿ ಕೇರಿಯ ಹುಡುಗಿಯೊಬ್ಬಳು ನೀಲಿ ಸೀರೆ ಉಟ್ಟು, ತಲೆ ಎತ್ತಿ, ಕ್ಯಾಮೆರಾ ನೋಡಿ ಹಾಡುವುದು ಸಣ್ಣ ಮಾತಲ್ಲ. ಅವಳ ಕೆಳಗೆ ಬರುವ ಕಾಮೆಂಟುಗಳನ್ನು ಓದಿದರೆ ಗೊತ್ತಾಗುತ್ತದೆ, ಜಾತಿ ಎಲ್ಲಿ ಹೋಗಿ ಕೂತಿದೆ ಎಂದು. ಬಾಗಿಲಲ್ಲಿ ಕೇಳಲಿಲ್ಲ, ಒಳಗೆ ಬಂದ ಮೇಲೆ ಉಗಿಯುತ್ತಾರೆ. ಆ ಉಗುಳನ್ನೂ ಎಣಿಸಿ ಕಂಪನಿ 'ಜನ ಸ್ಪಂದಿಸುತ್ತಿದ್ದಾರೆ' ಎಂದು ಲೆಕ್ಕ ಬರೆದುಕೊಳ್ಳುತ್ತದೆ.

ಹಾಗಾಗಿ ನಾವು ನಿಷೇಧದ ಪಟ್ಟಿ ಹೊರಡಿಸುವುದಿಲ್ಲ. ನಮಗೆ ನಾವೇ ಕೇಳಿಕೊಳ್ಳಬೇಕಾದ ನಾಲ್ಕು ಮಾತು ಮಾತ್ರ ಹೇಳುತ್ತೇವೆ. ಈ ತುಣುಕಿನಲ್ಲಿ ಕಾಣುವ ಮುಖ ಯಾರದು, ಅವರಿಗೆ ತಿಳಿಸಿ ಹಿಡಿದೆವೇ? ನಗು ಬಂದರೆ ಯಾರ ಮೇಲೆ ಬರುತ್ತದೆ, ಒದೆಯುವವನ ಮೇಲೋ, ಒದೆಸಿಕೊಂಡವನ ಮೇಲೋ? ಕಾಸು ಬಂದರೆ ಹಿಂದೆ ಹಲಗೆ ಹಿಡಿದವನಿಗೆ, ಕ್ಯಾಮೆರಾ ಹಿಡಿದ ತಂಗಿಗೆ ಪಾಲು ಹೋಯಿತೇ? ನಾಳೆ ನಮ್ಮ ಮಕ್ಕಳು ಇದನ್ನು ನೋಡಿದರೆ ತಲೆ ಎತ್ತುತ್ತಾರೋ, ತಗ್ಗಿಸುತ್ತಾರೋ? ಇವಕ್ಕೆ ಉತ್ತರ ಸರಿಯಿದ್ದರೆ ಆ ಕಾಸು ಬೆವರಿನ ಕಾಸು. ಅದನ್ನು ಎರಡೂ ಕೈಲಿ ತಗೊಳ್ಳಿ.

ಕೊನೆಯ ಮಾತು ನಮ್ಮ ಮೇಲೆಯೇ. ಹುಡುಗ ಕೇಳಿದ ಪ್ರಶ್ನೆ ಕಂಪನಿಗೆ ಅಲ್ಲ, ನಮಗೆ. ಚಳವಳಿ ಎಷ್ಟು ವರ್ಷ ಕಲಾವಿದರ ಕೈಲಿ ಬಿಟ್ಟಿ ಬಡಿಸಿಕೊಂಡಿತು? ಮೈಕಿನವನಿಗೆ ಕೊಟ್ಟೆವು, ಶಾಮಿಯಾನದವನಿಗೆ ಕೊಟ್ಟೆವು, ಊಟಕ್ಕೆ ಕೊಟ್ಟೆವು, ದೂರದಿಂದ ಬಂದ ಭಾಷಣಕಾರರಿಗೆ ಕಾರು ಮಾಡಿದೆವು. ತಮಟೆಯವನಿಗೆ 'ನಮ್ಮ ಹುಡುಗ' ಎಂಬ ಪ್ರೀತಿ ಕೊಟ್ಟೆವು. ಊರ ಗೌಡನೂ ಹೀಗೇ 'ನಮ್ಮ ಆಳು' ಎಂಬ ಪ್ರೀತಿ ಕೊಟ್ಟಿದ್ದ. ಹೋರಾಟಕ್ಕೆ ದುಡಿಯುವುದು ತ್ಯಾಗ ನಿಜ, ಆದರೆ ತ್ಯಾಗವನ್ನು ಮಾಡುವವನು ತಾನೇ ಮಾಡಬೇಕು. ಇನ್ನೊಬ್ಬರು ಅವನ ಹೆಸರಿನಲ್ಲಿ ಅದನ್ನು ಬರೆದುಕೊಂಡರೆ ಅದಕ್ಕೆ ಬೇರೆ ಹೆಸರಿದೆ. ಮನೆಯೊಳಗೆ ಬಿಟ್ಟಿ ಚಾಕರಿ ಇಟ್ಟುಕೊಂಡು ಅಮೆರಿಕದ ಕಂಪನಿಯ ವಿರುದ್ಧ ಘೋಷಣೆ ಕೂಗಿದರೆ ಆ ಹುಡುಗ ನಗುತ್ತಾನೆ. ನಗಬೇಕಾದ್ದೇ.

ಆ ಏಪ್ರಿಲ್ 14ರಂದು ಅವನು ಎಂಟು ಗಂಟೆಗೇ ಬಂದ, ಇನ್ನೂ ಮೂವರನ್ನು ಕರೆತಂದಿದ್ದ. ಊರ ಬೀದಿಯಲ್ಲಿ ತಮಟೆ ಮೊಳಗಿತು. ಸಂಜೆ ಲೆಕ್ಕದ ಪುಸ್ತಕ ತೆಗೆದು ನಾವು ಮೊದಲ ಸಾಲಿನಲ್ಲಿ ಬರೆದೆವು: ತಮಟೆ, ನಾಲ್ಕು ಜನ, ಇಷ್ಟು. ಶಾಮಿಯಾನದ ಸಾಲು ಅದರ ಕೆಳಗೆ ಬಂತು. ಹಣ ಎಣಿಸಿ ಕೈಗೆ ಕೊಟ್ಟಾಗ ಹುಡುಗ ಎಣಿಸಲಿಲ್ಲ. "ಎಣಿಸ್ಕೊಳ್ಳಪ್ಪ, ನಿನ್ನ ದುಡ್ಡು" ಎಂದೆವು. ಅವನು ಎಣಿಸಿಕೊಂಡ.